‘ಮತ್ತೆ ಯಾರು?’ ಅಂತ ಕೇಳಿದ್ರು

ಟೀಮಿಗೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಮೇಲೆ ಬ್ಯಾಟ್‌ಗರ್ಲ್ ಸ್ಟಿಕ್ಕರ್ ಇತ್ತು. ನನಗೋ ಕಾಮಿಕ್ಸ್ ಹುಚ್ಚು. ಊಟದ ಹೊತ್ತಲ್ಲಿ “ನೀವೂ ಓದ್ತೀರಾ?” ಅಂತ ಕೇಳಿದ್ದರೆ ಚೆನ್ನಾಗಿರ್ತಿತ್ತು. ಆದರೆ ನಾನು ಕೇಳಿದ್ದು ಹೀಗೆ: “ಬ್ಯಾಟ್‌ಗರ್ಲ್ ಅಂದ್ರೆ ಬಾರ್ಬರಾ ಗಾರ್ಡನ್ ತಾನೇ? ಅವಳು ಮೊದಲು ಬಂದಿದ್ದು ಯಾವ ಸಂಚಿಕೆಯಲ್ಲಿ, ಗೊತ್ತಾ?”

“ಡಿಟೆಕ್ಟಿವ್ ಕಾಮಿಕ್ಸ್ 359. 1967ರದ್ದು,” ಅಂದ್ರು ಅವರು, ಚಪಾತಿ ಮುರೀತಾ. “ಈಗ ನನ್ನ ಸರದಿ. ಒರಾಕಲ್ ಪಾತ್ರ ಸೃಷ್ಟಿಸಿದ್ದು ಯಾರು?”

“ಜಾನ್ ಆಸ್ಟ್ರಾಂಡರ್.” ತಕ್ಷಣ ಹೇಳಿದೆ.

“ಮತ್ತೆ ಯಾರು?”

ನನ್ನ ಹತ್ರ ಉತ್ತರ ಇರಲಿಲ್ಲ. “ಕಿಮ್ ಯೇಲ್” ಅಂತ ಹೇಳಿ, ಡಬ್ಬಿ ಮುಚ್ಚಿಕೊಂಡು ಎದ್ದುಹೋದ್ರು.

ಕಾಮಿಕ್ಸ್ ಓದದವರಿಗೆ ಸ್ವಲ್ಪ ಹಿಂದಿನ ಕಥೆ ಹೇಳ್ತೀನಿ. 1988ರಲ್ಲಿ ‘ದಿ ಕಿಲ್ಲಿಂಗ್ ಜೋಕ್’ ಅನ್ನೋ ಬ್ಯಾಟ್‌ಮ್ಯಾನ್ ಪುಸ್ತಕ ಬಂತು. ಬರೆದದ್ದು ಅಲನ್ ಮೂರ್, ಚಿತ್ರ ಬ್ರಯನ್ ಬೋಲಂಡ್. ಅದರಲ್ಲಿ ಬಾಗಿಲು ತೆಗೆದ ಬಾರ್ಬರಾಗೆ ಜೋಕರ್ ಗುಂಡು ಹೊಡೀತಾನೆ. ಬೆನ್ನುಮೂಳೆಗೆ ಪೆಟ್ಟು ಬಿದ್ದು ಅವಳು ನಡೆಯೋ ಶಕ್ತಿ ಕಳ್ಕೊಳ್ತಾಳೆ. ಅವನಿಗೆ ಅವಳ ಮೇಲೆ ದ್ವೇಷವೇನೂ ಇಲ್ಲ. ಅವಳಪ್ಪ, ಪೊಲೀಸ್ ಕಮಿಷನರ್ ಗಾರ್ಡನ್‌ಗೆ ಹುಚ್ಚು ಹಿಡಿಸಬೇಕು, ಅಷ್ಟೇ. ಆಮೇಲಿನ ಕಥೆಯೆಲ್ಲ ಅಪ್ಪನದು, ಬ್ಯಾಟ್‌ಮ್ಯಾನ್‌ದು, ಜೋಕರ್‌ನದು. ಆಸ್ಪತ್ರೆಯ ಒಂದು ದೃಶ್ಯ ಬಿಟ್ಟರೆ ಬಾರ್ಬರಾಳ ಪಾಡೇನಾಯ್ತು ಅಂತ ಪುಸ್ತಕ ವಿಚಾರಿಸೋದೇ ಇಲ್ಲ.

ಈ ಪುಸ್ತಕವನ್ನ ನಾನು ಕಾಲೇಜಿನಲ್ಲಿ ಮೂರು ಸಲ ಓದಿದ್ದೆ. ಮೂರು ಸಲಾನೂ ‘ಪಾಪ ಗಾರ್ಡನ್’ ಅಂದ್ಕೊಂಡಿದ್ದೆ. ಗುಂಡು ತಿಂದವಳ ಬಗ್ಗೆ ಅಲ್ಲ, ಅವಳಪ್ಪನ ಬಗ್ಗೆ.

ಕಿಮ್ ಯೇಲ್ ಮತ್ತು ಅವರ ಗಂಡ ಜಾನ್ ಆಸ್ಟ್ರಾಂಡರ್‌ಗೆ ಈ ಪಾತ್ರವನ್ನ ಅಲ್ಲೇ ಬಿಟ್ಟುಬಿಡೋದು ಸರಿ ಅನ್ನಿಸಲಿಲ್ಲ. 1989ರಲ್ಲಿ ‘ಸೂಯಿಸೈಡ್ ಸ್ಕ್ವಾಡ್’ ಸರಣಿಯಲ್ಲಿ ಒರಾಕಲ್ ಅನ್ನೋ ಹೆಸರಿನ ಯಾರೋ ಕಂಪ್ಯೂಟರ್ ಮೂಲಕ ಸಹಾಯಕ್ಕೆ ಬರೋಕೆ ಶುರುವಾಯ್ತು. ಅದು ಬಾರ್ಬರಾನೇ ಅಂತ ಓದುಗರಿಗೆ ಆಮೇಲೆ ತಿಳೀತು. ವೀಲ್‌ಚೇರ್‌ನಲ್ಲಿ ಕೂತು ಮಾಹಿತಿ ಹುಡುಕೋದು, ಸಿಸ್ಟಮ್‌ಗಳ ಒಳಗೆ ನುಗ್ಗೋದು, ಬಯಲಲ್ಲಿ ಹೊಡೆದಾಡೋರಿಗೆ ದಾರಿ ಹೇಳೋದು ಅವಳ ಕೆಲಸ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಸೂಪರ್‌ಹೀರೋಗಳ ಇಡೀ ಮಂಡಳಿಗೆ ಇಪ್ಪತ್ತನಾಲ್ಕು ಗಂಟೆ ಪ್ರೊಡಕ್ಷನ್ ಸಪೋರ್ಟ್! ಕೋಡ್ ಬರೆದು ಹೊಟ್ಟೆ ಹೊರೆಯೋ ನನಗೆ ಇವಳಿಗಿಂತ ಹತ್ತಿರದ ಹೀರೋ ಇನ್ಯಾರು? ಆದರೂ ಅವಳನ್ನ ರೂಪಿಸಿದ ಇಬ್ಬರಲ್ಲಿ ನನಗೆ ನೆನಪಿದ್ದದ್ದು ಗಂಡಸಿನ ಹೆಸರು ಮಾತ್ರ. ಕಿಮ್ ಯೇಲ್ 1997ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು ಅಂತ ನನಗೆ ತಿಳಿದದ್ದೇ ಆ ದಿನ ರಾತ್ರಿ.

ಇದು ಬಾರ್ಬರಾ ಒಬ್ಬಳ ಪಾಡಲ್ಲ. 1994ರ ‘ಗ್ರೀನ್ ಲ್ಯಾಂಟರ್ನ್’ 54ನೇ ಸಂಚಿಕೆಯಲ್ಲಿ ಹೀರೋ ಮನೆಗೆ ಬಂದು ನೋಡಿದರೆ ಅವನ ಗೆಳತಿಯ ಶವ ಫ್ರಿಜ್ಜಿನೊಳಗೆ. ಹೀರೋಗೆ ಕೋಪ ಬರಿಸೋದಕ್ಕೆ ಒಂದು ಹೆಣ ಬೇಕಿತ್ತು, ಅಷ್ಟೇ. 1999ರಲ್ಲಿ ಗೇಲ್ ಸಿಮೋನ್ ಅನ್ನೋ ಓದುಗಿ ಹೀಗೆ ಸತ್ತ, ಅಂಗವಿಕಲರಾದ, ಶಕ್ತಿ ಕಳ್ಕೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿ, ಆ ಫ್ರಿಜ್ಜಿನ ಹೆಸರನ್ನೇ ಅದಕ್ಕೆ ಇಟ್ಟರು. ಆಗ ಅವರು ಕಾಮಿಕ್ಸ್ ಬರೆಯುತ್ತಿರಲಿಲ್ಲ. ಕೂದಲು ಕತ್ತರಿಸೋ ಕೆಲಸದಲ್ಲಿದ್ದರು. ಗಂಡು ಹೀರೋಗಳೂ ಸಾಯ್ತಾರಲ್ಲ ಅನ್ನೋ ವಾದ ಬಂತು. ಸಾಯ್ತಾರೆ ನಿಜ. ಆದರೆ ಸಾಮಾನ್ಯವಾಗಿ ಹೋರಾಡಿ ಸಾಯ್ತಾರೆ, ಮುಂದೆ ಯಾವಾಗಲೋ ಎದ್ದೂ ಬರ್ತಾರೆ. ಇನ್ನೊಬ್ಬರ ಸಿಟ್ಟಿಗೆ ಬರೀ ಕಾರಣವಾಗಿ ಸಾಯೋದು ಬೇರೆ.

ಅದೇ ಸಿಮೋನ್ 2003ರಲ್ಲಿ ‘ಬರ್ಡ್ಸ್ ಆಫ್ ಪ್ರೇ’ ಬರೆಯೋಕೆ ಬಂದರು. ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬಳು ಒರಾಕಲ್. ಅಂದು ನನ್ನಂಥವನು ಎದುರು ಕೂತು ‘ಯಾವ ಸಂಚಿಕೆ ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಿ ಅವರನ್ನ ಹೊರಗೆ ಕಳಿಸಿಬಿಟ್ಟಿದ್ದರೆ?

ನನ್ನನ್ನ ಚುಚ್ಚಿದ್ದು ಇದೇ. ನಮ್ಮ ಟೀಮಲ್ಲಿ ವಾರಕ್ಕೆರಡು ದಿನ ಬ್ಯಾಟ್‌ಮ್ಯಾನ್ ಟೀಶರ್ಟ್ ಹಾಕ್ಕೊಂಡು ಬರೋ ಹುಡುಗ ಇದ್ದಾನೆ. ಒಂದೇ ಒಂದು ಕಾಮಿಕ್ ಓದಿಲ್ಲ ಅಂತ ಅವನೇ ಹೇಳ್ತಾನೆ. ಅವನಿಗೆ ನಾನು ಯಾವತ್ತೂ ಪ್ರಶ್ನೆ ಕೇಳಿಲ್ಲ. ಕಾಫಿ ಕೊಡಿಸಿ ಕಥೆ ಹೇಳಿದ್ದೀನಿ. ಇಬ್ಬರೂ ಕೂತದ್ದು ಒಂದೇ ಮೇಜಿನಲ್ಲಿ.

ಮಾರನೇ ದಿನ ಅವರ ಹತ್ರ ಹೋಗಿ, “ನಿನ್ನೆ ಹಾಗೆ ಕೇಳಬಾರದಿತ್ತು, ಸಾರಿ” ಅಂದೆ.

“ಕಾಲೇಜಿಂದ ಇದೇ ಕಥೆ,” ಅಂದ್ರು. “ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡ್ರೆ ಸಾಕು, ಅಣ್ಣನಿಗಾ, ಬಾಯ್‌ಫ್ರೆಂಡ್‌ಗಾ ಅಂತ ಕೇಳೋರು. ಎರಡು ವರ್ಷ ಸ್ಟಿಕ್ಕರ್ ಅಂಟಿಸೋದೇ ಬಿಟ್ಟಿದ್ದೆ. ಎಲ್ಲಾ ಉತ್ತರ ಗೊತ್ತಿದ್ರೂ ಬೇಜಾರಾಗುತ್ತೆ. ಗೊತ್ತಿಲ್ಲದೋರು ಏನ್ ಮಾಡಬೇಕು? ಅವರಿಗೂ ಇಷ್ಟಪಡೋ ಹಕ್ಕಿಲ್ವಾ?”

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದ್ರು: “ಬರ್ಡ್ಸ್ ಆಫ್ ಪ್ರೇ ಓದಿದ್ದೀರಾ?”

“ಇಲ್ಲ,” ಅಂದೆ.

“ಸೋಮವಾರ ತಂದುಕೊಡ್ತೀನಿ. ಚೆನ್ನಾಗಿದೆ.”

ನಾನು ಮೊದಲ ದಿನ ಕೇಳಬೇಕಾಗಿದ್ದೂ ಇಂಥದ್ದೇ ಪ್ರಶ್ನೆ. ನಿಮ್ಮ ಪಕ್ಕದ ಡೆಸ್ಕಲ್ಲಿ ಸ್ಟಿಕ್ಕರ್ ಕಂಡರೆ, ನೀವು ಹಾಗೇ ಕೇಳಿ.