ಎದೆಬಡಿತದ ಗುಳಿಗೆ ನುಂಗುವವರಿಗೆ



ನಮ್ಮೂರು ವಾಗದರಿಯಿಂದ ಒಂದು ದಾರಿ ಅಕ್ಕಲಕೋಟೆ ಮೇಲೆ ಸೊಲ್ಲಾಪುರಕ್ಕೆ, ಇನ್ನೊಂದು ಆಳಂದ ಮೇಲೆ ಕಲಬುರಗಿಗೆ. ಎದೆ ಧಡಧಡ ಬಡಿದುಕೊಂಡರೆ ಕೆಲವರು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಕಲಬುರಗಿಯ ಜಯದೇವ ಆಸ್ಪತ್ರೆಗೆ. ಎರಡೂ ಕಡೆ ತೋರಿಸುವವರಲ್ಲಿ ನನ್ನದೊಂದು ಕೈಮುಗಿದ ಬೇಡಿಕೆ: ಒಬ್ಬ ಡಾಕ್ಟರರ ಚೀಟಿಯನ್ನು ಇನ್ನೊಬ್ಬರಿಂದ ಮುಚ್ಚಿಡಬೇಡಿ. ಒಂದು ಚೀಟಿಯಲ್ಲಿ ವಾರ್ಫ್ (ಅಂದರೆ ವಾರ್ಫರಿನ್) ಇರುತ್ತದೆ, ಇನ್ನೊಂದರಲ್ಲಿ ಆಸಿಟ್ರಾಮ್. ಹೆಸರು ಬೇರೆ, ಕೆಲಸ ಒಂದೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಎರಡನ್ನೂ ನುಂಗಿದರೆ ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತ ಸೋರಬಹುದು.

ಹಾಗಂತ ಹೆದರಿ ಗುಳಿಗೆ ಬಿಟ್ಟೀರಿ, ಜೋಕೆ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರತೊಡಗಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವಾ. ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಕವಾಟ ಕೆಟ್ಟವರಿಗೆ ಈ ಭಯ ಹೆಚ್ಚು. ಅಂಥವರಿಗೆ ಹೊಸ ರಿವರೊಕ್ಸಾಬಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಔಷಧವೇ ಮೇಲು ಎಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಆದರೆ ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜೆರೊಟ್ಟಿ ಜೊತೆ ಭಜ್ಜಿ ಉಣ್ಣುವ ಸುಖವನ್ನು ಯಾರಿಂದಲೂ ಕಸಿಯಲಾರೆ. ಆದರೆ ಭಜ್ಜಿಯ ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್‌ನ ಬಲ ತಗ್ಗಿಸುತ್ತದೆ. ಮೆಂತ್ಯ, ಪುಂಡಿಪಲ್ಲೆ ಬಿಡಬೇಕಿಲ್ಲ; ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ. ಮೊಣಕಾಲು ನೋವಿಗೆ ಕೇಳದೆ ಕೊಂಡು ನುಂಗುವ ಡೈಕ್ಲೊಫೆನ್ಯಾಕ್ ಬಗ್ಗೆ ಮಾತ್ರ ನನಗೆ ನಿಜವಾದ ದಿಗಿಲಿದೆ, ವಾರ್ಫರಿನ್ ಜೊತೆ ಅದು ಸೇರಿದರೆ ರಕ್ತಸ್ರಾವಕ್ಕೆ ದಾರಿ.

ತಾಳ ಸರಿಪಡಿಸುವ ಗುಳಿಗೆಗಳೂ ನಿರಪಾಯವಲ್ಲ. ಹೃದಯಾಘಾತ ಆದವರಿಗೆ ಹೆಚ್ಚುವರಿ ಬಡಿತ ತಡೆಯಲೆಂದು ಅಮೆರಿಕದಲ್ಲಿ ಕೊಟ್ಟ ಫ್ಲೆಕನೈಡ್, ಎನ್‌ಕನೈಡ್ ನುಂಗಿದವರಲ್ಲೇ ಸಾವು ಹೆಚ್ಚಿ, 1989ರಲ್ಲಿ ಆ ಗುಳಿಗೆಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಡಿತ ಸರಿಹೋಯಿತೆಂದರೆ ಜೀವ ಉಳಿಯಿತೆಂದಲ್ಲ. ಪಕ್ಕದ ಮನೆಯವರಿಗೆ ಗುಣ ಕಂಡ ಗುಳಿಗೆ ನಿಮಗೆ ಬೇಡ. ಅಮಿಯೊಡಾರೋನ್ ಥೈರಾಯ್ಡ್, ಶ್ವಾಸಕೋಶ, ಲಿವರ್ ಕೆಡಿಸಬಹುದು, ವಾರ್ಫರಿನ್‌ನ ಬಲವನ್ನೂ ಏರಿಸುತ್ತದೆ. ಡಿಗಾಕ್ಸಿನ್ ನುಂಗುವವರಿಗೆ ನಮ್ಮ ಬಿಸಿಲಲ್ಲಿ ವಾಂತಿಭೇದಿಯಾಗಿ ಕಿಡ್ನಿ ಸೋತರೆ ದಿನದ ಗುಳಿಗೆಯೇ ವಿಷವಾದೀತು. ಓಕರಿಕೆ ಬಂದರೆ, ಕಂಡದ್ದೆಲ್ಲ ಹಳದಿಯಾದರೆ ತಡಮಾಡದೆ ತೋರಿಸಿ.

ಸ್ಟ್ರಿಪ್ ಇಂಗ್ಲಿಷಿನಲ್ಲಿ, ಫೈಲು ಮರಾಠಿಯಲ್ಲಿ, ನಮ್ಮ ಹಿರಿಯರು ಓದುವುದು ಕನ್ನಡ. ಮನೆಯ ಮಕ್ಕಳೇ, ಅಜ್ಜ–ಅಜ್ಜಿಯ ಗುಳಿಗೆಗಳ ಮೂಲ ಹೆಸರು, ಎಷ್ಟು ಎಂಜಿ, ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದು ಸ್ಟ್ರಿಪ್‌ಗಳ ಜೊತೆ ಒಂದೇ ಚೀಲದಲ್ಲಿಡಿ. ಬಾಯಿ ವಾರೆಯಾದರೆ, ಕೈ ಬಿದ್ದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ, ಮಹಾರಾಷ್ಟ್ರ–ಕರ್ನಾಟಕ ಗಡಿಯ ಎರಡೂ ಕಡೆ ನಂಬರು ಅದೇ. ಆ ಚೀಲವನ್ನೂ ಗಾಡಿಯಲ್ಲಿ ಹಾಕಿ ಕಳಿಸಿ.