ರೆಪ್ಪೆ ಸೆಳೆತ: ಆಪರೇಷನ್‌ಗೆ ಒಪ್ಪುವ ಮೊದಲು

ಕಳೆದ ವರ್ಷ ಕೃಷ್ಣರಾಜಪುರದ ನನ್ನ ಕ್ಲಿನಿಕ್‌ಗೆ ಐವತ್ತೈದರ ಆಸುಪಾಸಿನ ಒಬ್ಬ ಖಾಲಾ ಮಗಳ ಕೈ ಹಿಡಿದುಕೊಂಡು ಬಂದರು. ಅವರಿಗೆ ದೃಷ್ಟಿ ಚೆನ್ನಾಗಿಯೇ ಇದೆ, ಆದರೆ ಕಣ್ಣು ತೆರೆದಿಡಲು ಆಗುವುದಿಲ್ಲ. ಬಿಸಿಲಿಗೆ ಬಂದರೆ, ಗಾಳಿ ಬೀಸಿದರೆ, ವಾಹನದ ಬೆಳಕು ಬಿದ್ದರೆ ಎರಡೂ ರೆಪ್ಪೆಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. "ಟಿನ್ ಫ್ಯಾಕ್ಟರಿ ಹತ್ರ ರಸ್ತೆ ದಾಟುವಾಗ ನಡುವೆಯೇ ಕಣ್ಣು ಮುಚ್ಚಿಕೊಂಡುಬಿಡ್ತು ಹಕೀಮ್ ಸಾಬ್. ಅವತ್ತಿನಿಂದ ಒಬ್ಬಳೇ ಹೊರಗೆ ಹೋಗೋದನ್ನೇ ಬಿಟ್ಟೆ" ಎಂದರು. ಮನೆಯಲ್ಲಿ ಮಾಡುತ್ತಿದ್ದ ಹೊಲಿಗೆ ನಿಂತಿತ್ತು. ರಮಝಾನ್‌ನಲ್ಲಿ ಕುರ್‌ಆನ್ ನೋಡಿ ಓದಲಾಗಲಿಲ್ಲ ಎಂಬುದು ಅವರಿಗೆ ಎಲ್ಲಕ್ಕಿಂತ ದೊಡ್ಡ ನೋವಾಗಿತ್ತು.

ಮಗಳ ಕೈಯಲ್ಲಿ ಫೈಲ್ ಇತ್ತು. ಕಣ್ಣಿನ ಸುತ್ತ ಒಮ್ಮೆ ಇಂಜೆಕ್ಷನ್ ಕೊಟ್ಟಿದ್ದರು. ಮೂರು ತಿಂಗಳು ಆರಾಮಾಗಿತ್ತು, ಆಮೇಲೆ ಸೆಳೆತ ಮರಳಿತು. "ಇಂಜೆಕ್ಷನ್ ಫೇಲ್ ಆಯ್ತು. ಆಪರೇಷನ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿದುಹೋಗುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಮಾಡಿಸಬಹುದಾ?" ಎಂದು ಮಗಳು ಕೇಳಿದಳು.

ನಾನು ಯುನಾನಿ ವೈದ್ಯ. ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವವನಲ್ಲ. ಆದರೂ ನಮ್ಮ ಮನೆಗಳಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಮತ್ತು ಹೋಗಿ ಬಂದ ಮೇಲೆ ಹಕೀಮರನ್ನು ಒಂದು ಮಾತು ಕೇಳುವ ರೂಢಿ ಇದೆ. ಕೇಳಿದವರಿಗೆ ಪ್ರಾಮಾಣಿಕವಾಗಿ ಉತ್ತರ ಹೇಳುವುದು ನನ್ನ ಮೇಲಿನ ಅಮಾನತ್. ನನ್ನ ಅಭಿಪ್ರಾಯ ಇಷ್ಟು: ರೆಪ್ಪೆಯ ಆಪರೇಷನ್ ಕೆಟ್ಟದ್ದಲ್ಲ, ಕೆಲವರಿಗೆ ಅದು ಬೇಕೇ ಬೇಕು. ಆದರೆ 'ಒಂದೇ ಸಲಕ್ಕೆ ಮುಗಿಯುತ್ತದೆ' ಎಂಬ ನಂಬಿಕೆಯಿಂದ ಅದನ್ನು ಮಾಡಿಸಿಕೊಳ್ಳಬೇಡಿ. ಆ ನಂಬಿಕೆ ತಪ್ಪು.

ಮೊದಲು ಇದು ಯಾವ ರೋಗ ಎಂದು ತಿಳಿಯೋಣ. ಕಣ್ಣು ಅದುರುವುದೆಲ್ಲ ಈ ರೋಗವಲ್ಲ. ನಿದ್ದೆಗೆಟ್ಟಾಗ, ಚಹಾ ಕಾಫಿ ಹೆಚ್ಚಾದಾಗ, ಮೊಬೈಲ್ ನೋಡಿ ದಣಿದಾಗ ಒಂದು ರೆಪ್ಪೆ ನಾಲ್ಕು ದಿನ ಪಟಪಟ ಎನ್ನುತ್ತದೆ. ವಿಶ್ರಾಂತಿ ಕೊಟ್ಟರೆ ತಾನೇ ಹೋಗುತ್ತದೆ. ಯಾವ ಕಣ್ಣು ಅದುರಿದರೆ ಶುಭ, ಯಾವುದು ಅದುರಿದರೆ ಅಶುಭ ಎಂದು ಲೆಕ್ಕ ಹಾಕುವವರು ನಮ್ಮಲ್ಲೂ ಇದ್ದಾರೆ. ಶಕುನ ನೋಡುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆಂಬುದನ್ನು ಮರೆಯಬಾರದು. ಇನ್ನೊಂದು ಬಗೆಯಲ್ಲಿ ಮುಖದ ಒಂದೇ ಬದಿಯ ಕಣ್ಣು, ಕೆನ್ನೆ, ಬಾಯಿಯ ಮೂಲೆ ಒಟ್ಟಿಗೆ ಸೆಳೆಯುತ್ತವೆ. ಅದಕ್ಕೆ ಸಾಮಾನ್ಯವಾಗಿ ತಲೆಯೊಳಗೆ ಒಂದು ರಕ್ತನಾಳ ಮುಖದ ನರವನ್ನು ಒತ್ತುತ್ತಿರುವುದು ಕಾರಣ. ಅದರ ದಾರಿಯೇ ಬೇರೆ.

ಖಾಲಾ ಅವರದ್ದು ಬ್ಲೆಫರೋಸ್ಪಾಸ್ಮ್. ಇದರಲ್ಲಿ ಎರಡೂ ಕಣ್ಣು ಒಟ್ಟಿಗೆ ಮುಚ್ಚುತ್ತವೆ. ಹೆಚ್ಚಾಗಿ ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಕಾಣುತ್ತದೆ. ಶುರುವಿನಲ್ಲಿ ಕಣ್ಣು ಉರಿ, ಬೆಳಕು ಸಹಿಸದಿರುವುದು, ಪದೇ ಪದೇ ರೆಪ್ಪೆ ಬಡಿಯುವುದು ಇರುತ್ತದೆ. ಕೆಲವರು ಹುಬ್ಬಿನ ಪಕ್ಕ ಬೆರಳಿಟ್ಟರೆ, ಹಾಡಿಕೊಂಡರೆ, ಮಾತನಾಡುತ್ತಿದ್ದರೆ ಕಣ್ಣು ಸ್ವಲ್ಪ ಹೊತ್ತು ತೆರೆದಿರುತ್ತದೆ. ಇದನ್ನು ನೋಡಿ ಮನೆಯವರು 'ನಾಟಕ' ಎನ್ನುತ್ತಾರೆ, ಇಲ್ಲವೇ ಜಿನ್ನ್, ದೃಷ್ಟಿದೋಷ ಎಂದು ತಾವೀಝ್ ಹುಡುಕುತ್ತಾರೆ. ಬಹಳ ಕಾಲ ವೈದ್ಯರೂ ಇದನ್ನು ಮನಸ್ಸಿನ ರೋಗವೆಂದೇ ಭಾವಿಸಿದ್ದರು. 1976ರಲ್ಲಿ ಲಂಡನ್‌ನ ನರರೋಗ ತಜ್ಞ ಡೇವಿಡ್ ಮಾರ್ಸ್‌ಡನ್ ಇದು ಡಿಸ್ಟೋನಿಯಾ ಎಂಬ ಚಲನೆಯ ರೋಗಗಳ ಗುಂಪಿಗೆ ಸೇರಿದ್ದು ಎಂದು ಪ್ರತಿಪಾದಿಸಿದರು. ಮೆದುಳಿನಿಂದ 'ಮುಚ್ಚು' ಎಂಬ ಆಜ್ಞೆ ಅತಿಯಾಗಿ ಬರುತ್ತದೆ, ರೆಪ್ಪೆಯ ಸುತ್ತಲಿನ ಸ್ನಾಯು ಅದನ್ನು ಪಾಲಿಸುತ್ತದೆ, ಅಷ್ಟೇ.

ಹನ್ನೊಂದನೆಯ ಶತಮಾನದ ಬಗ್ದಾದಿನ ನೇತ್ರವೈದ್ಯ ಅಲಿ ಇಬ್ನ್ ಈಸಾ ತಮ್ಮ 'ತಝ್ಕಿರತುಲ್ ಕಹ್ಹಾಲೀನ್' ಗ್ರಂಥದಲ್ಲಿ ಕಣ್ಣಿನ ರೋಗಗಳನ್ನು ಹೊರಗೆ ಕಾಣುವವು, ಕಾಣದಿರುವವು ಎಂದು ಬೇರೆ ಮಾಡಿ ಬರೆದರು. ಈ ರೋಗ ಕಾಣುವುದು ರೆಪ್ಪೆಯಲ್ಲಿ, ಬೇರು ಇರುವುದು ಮೆದುಳಿನಲ್ಲಿ. ಆಪರೇಷನ್ ಮುಟ್ಟುವುದು ರೆಪ್ಪೆಯನ್ನು ಮಾತ್ರ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯುನಾನಿಯಲ್ಲಿ ಅದುರುವಿಕೆಗೆ ಇಖ್ತಿಲಾಜ್, ಸೆಳೆತಕ್ಕೆ ತಶನ್ನುಜ್ ಎಂಬ ಹೆಸರುಗಳಿವೆ. ಖಮೀರಾ, ರೋಗನ್, ಮಾಲೀಷ್ ಎಲ್ಲವೂ ಇವೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಬ್ಬ ರೋಗಿಗೆ ನಾನು ಐದು ತಿಂಗಳು ಇವನ್ನೇ ಕೊಟ್ಟೆ. ನಿದ್ದೆ ಸುಧಾರಿಸಿತು, ಕಣ್ಣು ಸುಧಾರಿಸಲಿಲ್ಲ. ಆ ಐದು ತಿಂಗಳು ಅವರ ಕೆಲಸ ಹೋಯಿತು. ಆ ತಪ್ಪು ನನ್ನದು. ಅಂದಿನಿಂದ ನಾನು ಈ ರೋಗಕ್ಕೆ ಮೊದಲ ದಿನವೇ ಚೀಟಿ ಬರೆದು ತಜ್ಞರ ಬಳಿ ಕಳಿಸುತ್ತೇನೆ. ನಿದ್ದೆ, ಆಹಾರ, ಮನಸ್ಸಿನ ಒತ್ತಡದ ವಿಷಯದಲ್ಲಿ ಜೊತೆಗೆ ಇರುತ್ತೇನೆ. ಒಂದು ಮಾತು: ಉರಿ ಕಡಿಮೆಯಾಗಲೆಂದು ಗುರುತಿಲ್ಲದ ಸುರ್ಮಾ ಹಚ್ಚಬೇಡಿ. ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ.

ಈಗ ಇಂಜೆಕ್ಷನ್ ವಿಷಯ. ಬೊಟ್ಯುಲಿನಮ್ ಟಾಕ್ಸಿನ್, ಅಂದರೆ ಜನ ಬೋಟಾಕ್ಸ್ ಎನ್ನುವುದು. ಇದು ಸಿನಿಮಾದವರ ಸೌಂದರ್ಯದ ಮದ್ದು ಎಂದು ಹಲವರು ಮೂಗು ಮುರಿಯುತ್ತಾರೆ. ನಿಜವಾಗಿ ಇದನ್ನು ಮದ್ದಾಗಿ ಬೆಳೆಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆ್ಯಲನ್ ಸ್ಕಾಟ್, ಅದೂ ಮೆಳ್ಳೆಗಣ್ಣಿಗಾಗಿ. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆ ಸೆಳೆತಕ್ಕೆ. ಹುಬ್ಬುಗಳ ನಡುವಿನ ಸುಕ್ಕಿಗೆ ಅನುಮತಿ ಬಂದದ್ದು 2002ರಲ್ಲಿ.

ಸ್ನಾಯುವಿಗೆ ನರದಿಂದ ಬರುವ ಆಜ್ಞೆಯನ್ನು ಇದು ಸ್ವಲ್ಪ ಕಾಲ ತಡೆಯುತ್ತದೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ, ಸುಮಾರು ಮೂರು ತಿಂಗಳು ಇರುತ್ತದೆ. ಆಮೇಲೆ ನರ ಮತ್ತೆ ಚಿಗುರುತ್ತದೆ, ಸೆಳೆತ ಮರಳುತ್ತದೆ. ಇದು ಫೇಲ್ ಆದದ್ದಲ್ಲ, ಆ ಮದ್ದು ಇರುವುದೇ ಹಾಗೆ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಅದಕ್ಕೆ ಮಾತ್ರೆ ಕೆಲಸ ಮಾಡಲಿಲ್ಲ ಎನ್ನುತ್ತೇವೆಯೇ? ಮೂರು ತಿಂಗಳು ಹೊಲಿಗೆ ಹಾಕಿದ ಖಾಲಾ ಅವರಿಗೆ ಇಂಜೆಕ್ಷನ್ ಫಲಿಸಿತ್ತು. ಅದನ್ನು ಮತ್ತೆ ತೆಗೆದುಕೊಳ್ಳಬೇಕೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇಂಜೆಕ್ಷನ್‌ಗೂ ತೊಂದರೆಗಳಿವೆ. ರೆಪ್ಪೆ ಜೋಲಬಹುದು, ಕಣ್ಣು ಒಣಗಬಹುದು, ಒಂದು ಎರಡಾಗಿ ಕಾಣಬಹುದು. ಸಾಮಾನ್ಯವಾಗಿ ಇವು ಕೆಲವು ವಾರಗಳಲ್ಲಿ ಹೋಗುತ್ತವೆ. ಖರ್ಚೂ ಇದೆ, ವರ್ಷಕ್ಕೆ ಮೂರು ನಾಲ್ಕು ಸಲ ಎಂದರೆ ದುಡಿಯುವ ಕುಟುಂಬಕ್ಕೆ ಹೊರೆಯೇ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಆಪರೇಷನ್ ಈ ಖರ್ಚನ್ನು ಪೂರ್ತಿ ತಪ್ಪಿಸುತ್ತದೆ ಎಂದುಕೊಂಡು ಸಾಲ ಮಾಡಿದವರು ಎರಡು ಬಾರಿ ಸೋಲುತ್ತಾರೆ.

ಈ ರೋಗಕ್ಕೆ ಮಾಡುವ ಮುಖ್ಯ ಆಪರೇಷನ್‌ಗೆ ಮಯೆಕ್ಟಮಿ ಎನ್ನುತ್ತಾರೆ. ಕಣ್ಣು ಮುಚ್ಚಿಸುವ ಸ್ನಾಯುವಿನ ಒಂದಷ್ಟು ಭಾಗವನ್ನು ರೆಪ್ಪೆಯಿಂದ, ಕೆಲವೊಮ್ಮೆ ಹುಬ್ಬಿನಿಂದಲೂ ತೆಗೆಯುತ್ತಾರೆ. ಸೆಳೆತದ ಬಲ ಕಡಿಮೆಯಾಗುತ್ತದೆ. ಆದರೆ ಮೆದುಳಿನ ಆಜ್ಞೆ ನಿಂತಿರುವುದಿಲ್ಲ. ಉಳಿದ ಸ್ನಾಯುವಿಗೆ ಹಲವರಿಗೆ ಮತ್ತೆ ಇಂಜೆಕ್ಷನ್ ಬೇಕಾಗುತ್ತದೆ, ಪ್ರಮಾಣ ಕಡಿಮೆಯಾಗಬಹುದು, ಅಂತರ ಹೆಚ್ಚಬಹುದು. ಬಾವು ತಿಂಗಳುಗಟ್ಟಲೆ ಉಳಿಯಬಹುದು, ಹಣೆ ಜೋಮು ಹಿಡಿದಂತಿರಬಹುದು, ಕಣ್ಣು ಪೂರ್ತಿ ಮುಚ್ಚದೆ ಒಣಗಬಹುದು. ಇಂಜೆಕ್ಷನ್‌ನ ತೊಂದರೆ ವಾರಗಳಲ್ಲಿ ಹೋಗುತ್ತದೆ. ತೆಗೆದ ಸ್ನಾಯು ಮರಳಿ ಬರುವುದಿಲ್ಲ.

ಹಾಗಾದರೆ ಆಪರೇಷನ್ ಯಾರಿಗೆ? ಸರಿಯಾದ ಕೈಯಲ್ಲಿ, ಸರಿಯಾದ ಜಾಗಕ್ಕೆ, ಸಾಕಷ್ಟು ಪ್ರಮಾಣದಲ್ಲಿ ಹಲವು ಸಲ ಇಂಜೆಕ್ಷನ್ ಪಡೆದರೂ ಕಣ್ಣು ತೆರೆಯದವರಿಗೆ. ವರ್ಷಗಳ ಸೆಳೆತದಿಂದ ಹುಬ್ಬು ಕುಸಿದು, ರೆಪ್ಪೆಯ ಚರ್ಮ ಜೋತುಬಿದ್ದು ನೋಟಕ್ಕೆ ಅಡ್ಡವಾದವರಿಗೆ. ಇನ್ನು ಕೆಲವರಲ್ಲಿ ಸೆಳೆತ ಸಡಿಲಿಸಿದರೂ ರೆಪ್ಪೆ ಎತ್ತುವ ಆಜ್ಞೆಯೇ ಬರುವುದಿಲ್ಲ. ಅವರಿಗೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಡಿಸುವ ಬೇರೊಂದು ಆಪರೇಷನ್ ಇದೆ. ಇಂಥವರು ಭಯಪಟ್ಟು ವರ್ಷಗಟ್ಟಲೆ ಕತ್ತಲಲ್ಲಿ ಕೂರುವುದೂ ತಪ್ಪೇ.

'ಅಲ್ಲಾಹನು ಕೊಟ್ಟ ಮುಖಕ್ಕೆ ಚಾಕು ಹಾಕಬಹುದೇ?' ಎಂಬ ಪ್ರಶ್ನೆ ಹಿರಿಯರಿಂದ ಬರುತ್ತದೆ. ಅಂದಕ್ಕಾಗಿ ಸೃಷ್ಟಿಯನ್ನು ಬದಲಿಸುವುದು ಬೇರೆ, ರೋಗಕ್ಕೆ ಚಿಕಿತ್ಸೆ ಬೇರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಸಹಾಬಿ ಅರ್‌ಫಜಾ(ರ) ಅವರಿಗೆ ಬೆಳ್ಳಿಯ ಮೂಗು ದುರ್ನಾತ ಬಂದಾಗ, ಗಂಡಸರಿಗೆ ನಿಷಿದ್ಧವಾದ ಚಿನ್ನದ ಮೂಗನ್ನೇ ಹಾಕಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ನಮ್ಮ ವೈದ್ಯಶಾಸ್ತ್ರದಲ್ಲೂ ಪಥ್ಯ, ಆಹಾರ, ಮದ್ದುಗಳ ಜೊತೆಗೆ ಇಲಾಜ್ ಬಿಲ್ ಯದ್, ಅಂದರೆ ಕೈಯಿಂದ ಮಾಡುವ ಚಿಕಿತ್ಸೆ ಇದೆ. ಸ್ಪೇನಿನ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ ರೆಪ್ಪೆಯ ಶಸ್ತ್ರಚಿಕಿತ್ಸೆಗಳನ್ನು ವಿವರಿಸಿದ್ದಾರೆ. ಆದರೆ ಕ್ರಮದಲ್ಲಿ ಅದು ಕೊನೆಯದು. ಆ ಕ್ರಮ ಇಂದಿಗೂ ಸರಿ. ಇಂಜೆಕ್ಷನ್ ಅಥವಾ ಆಪರೇಷನ್ ಬಗ್ಗೆ ದೀನೀ ಸಂದೇಹ ಉಳಿದಿದ್ದರೆ ನಿಮ್ಮ ವಿಶ್ವಾಸದ ಆಲಿಮರಿಗೆ ರೋಗವನ್ನು ಪೂರ್ತಿ ವಿವರಿಸಿ ಕೇಳಿ.

ಒಪ್ಪುವ ಮೊದಲು ವೈದ್ಯರನ್ನು ಇಷ್ಟು ಕೇಳಿ:

1. ಇದು ಬ್ಲೆಫರೋಸ್ಪಾಸ್ಮ್ ಎಂಬುದು ಖಚಿತವೇ? ಕಣ್ಣು ಒಣಗುವಿಕೆ, ರೆಪ್ಪೆಯಂಚಿನ ಉರಿಯೂತವನ್ನು ಪರೀಕ್ಷಿಸಿ ಚಿಕಿತ್ಸೆ ಕೊಟ್ಟಾಗಿದೆಯೇ?

2. ಇಂಜೆಕ್ಷನ್ ಪ್ರಮಾಣ ಮತ್ತು ಜಾಗ ಬದಲಿಸಿ ನೋಡಿದ್ದೀರಾ?

3. ಆಪರೇಷನ್ ಆದ ಮೇಲೂ ಇಂಜೆಕ್ಷನ್ ಬೇಕಾಗಬಹುದೇ?

4. ಈ ಆಪರೇಷನ್ ನೀವು ಎಷ್ಟು ಜನರಿಗೆ ಮಾಡಿದ್ದೀರಿ?

5. ಎಷ್ಟು ದಿನ ಬಗ್ಗಬಾರದು, ನೀರು ತಾಗಿಸಬಾರದು? (ಆ ದಿನಗಳಲ್ಲಿ ಕುಳಿತು ಸನ್ನೆಯಿಂದ ನಮಾಝ್ ಮಾಡಲು, ವುಝೂವಿನಲ್ಲಿ ಪಟ್ಟಿಯ ಮೇಲೆ ಮಸಹ್ ಮಾಡಲು ರಿಯಾಯಿತಿ ಇದೆ.)

ಎರಡನೇ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ನಮ್ಮ ಊರಿನಲ್ಲೇ ಸರಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ. ಕೆ.ಆರ್.ಪುರದಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಚಲನೆಯ ರೋಗಗಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನರರೋಗ ವಿಭಾಗವಿದೆ. ಕಣ್ಣಿನವರು ಮತ್ತು ನರದವರು ಇಬ್ಬರೂ ನೋಡಿದರೆ ಒಳ್ಳೆಯದು.

ಮನೆಯವರಿಗೂ ಒಂದು ಮಾತು. ಖಾಲಾ ಅವರ ಜೊತೆ ಮಾತನಾಡಿದ ಅರ್ಧ ಗಂಟೆಯಲ್ಲಿ ಗಂಡ ಏನು ಹೇಳಿದರು, ಅಳಿಯ ಏನು ಹೇಳಿದರು ಎಂದೆಲ್ಲ ಕೇಳಿದೆ. "ನಿಮಗೆ ಏನು ಬೇಕು ಖಾಲಾ?" ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಕ್ಕಳಿಗೆ ಮತ್ತೆ ಮತ್ತೆ ಖರ್ಚು ಆಗಬಾರದು ಅಂತ ಆಪರೇಷನ್‌ಗೆ ಹೂಂ ಅಂದೆ" ಎಂದರು. ಮಗಳ ಕಣ್ಣಲ್ಲಿ ನೀರು ಬಂತು. ಮಶ್ವರಾ ಮಾಡಿ, ಇಸ್ತಿಖಾರಾ ನಮಾಝ್ ಮಾಡಿ, ಆದರೆ ಯಾರ ಕಣ್ಣೋ ಅವರನ್ನು ಮೊದಲು ಕೇಳಿ.

ಖಾಲಾ ಇನ್ನೊಬ್ಬ ತಜ್ಞರ ಬಳಿ ಹೋದರು. ಎರಡನೇ ಇಂಜೆಕ್ಷನ್ ಸ್ವಲ್ಪ ಬೇರೆ ಜಾಗಕ್ಕೆ ಕೊಟ್ಟರು, ಒಣಕಣ್ಣಿಗೆ ಹನಿ ಮದ್ದು ಬರೆದರು, ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಲು ಹೇಳಿದರು. ರೋಗ ಪೂರ್ತಿ ಹೋಗಿಲ್ಲ. ಮೂರನೆಯ ತಿಂಗಳ ಕೊನೆಗೆ ಕಣ್ಣು ಮತ್ತೆ ಬಿಗಿಯುತ್ತದೆ, ಆಗ ದಿನಾಂಕ ನೋಡಿ ಆಸ್ಪತ್ರೆಗೆ ಹೋಗುತ್ತಾರೆ. ಇದಕ್ಕೆಂದೇ ಮನೆಯವರು ತಿಂಗಳು ತಿಂಗಳು ಒಂದಿಷ್ಟು ದುಡ್ಡು ಎತ್ತಿಡುತ್ತಿದ್ದಾರೆ. ಮುಂದೆ ಇಂಜೆಕ್ಷನ್ ಸಾಲದೆ ಹೋದರೆ ಆಪರೇಷನ್ ಇದ್ದೇ ಇದೆ, ಆಗ ಅದರಿಂದ ಎಷ್ಟು ಸಿಗುತ್ತದೆ ಎಂದು ತಿಳಿದೇ ಹೋಗುತ್ತಾರೆ. ಈ ರಮಝಾನ್‌ನಲ್ಲಿ ದಿನಕ್ಕೆ ಅರ್ಧ ಜುಝ್‌ನಂತೆ ಕುರ್‌ಆನ್ ನೋಡಿ ಓದಿದೆ ಎಂದು ಮೊನ್ನೆ ಬಂದು ಹೇಳಿದರು.

ಶಿಫಾ ಕೊಡುವವನು ಅಲ್ಲಾಹನು. ತಿಳಿದು ವಿಚಾರಿಸಿ ಹೆಜ್ಜೆ ಇಡುವ ಹೊಣೆಯನ್ನು ಅವನು ನಮಗೆ ಕೊಟ್ಟಿದ್ದಾನೆ.