ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ, ನಮಗೆ?

ಯಡಿಯೂರು ಕೆರೆಯ ಸುತ್ತ ಬೆಳಗಿನ ಹೊತ್ತು ಕಾಲಾಡಿಸಲು ಬರುವ ನಮ್ಮ ಮುದುಕರ ಮಂಡಲಿಯಲ್ಲಿ ಎಲ್ಲ ಮತದವರೂ ಇದ್ದಾರೆ. ಹೋದ ಭಾನುವಾರ ನಾನು ಮೊದಲನೆಯ ಪೂಜೆ ಮುಗಿಸಿಕೊಂಡು ನೇರವಾಗಿ ಅಲ್ಲಿಗೇ ಹೋದೆ. ನಿವೃತ್ತ ಎಂಜಿನಿಯರ್ ಒಬ್ಬರು, ಬಹಳ ಸಜ್ಜನರು, ಬೆಂಚಿನ ಮೇಲೆ ಜಾಗ ಮಾಡಿಕೊಡುತ್ತ ಕೇಳಿದರು: “ಅಲ್ಲ ಸ್ವಾಮಿ, ನಿಮ್ಮ ಚರ್ಚುಗಳಲ್ಲಿ ಕನ್ನಡ ಬೇಕು, ತಮಿಳು ಬೇಕು ಅಂತ ವರ್ಷಗಟ್ಟಲೆಯಿಂದ ಜಗಳವಂತಲ್ಲ. ಪ್ರಾರ್ಥನೆಗೆ ಭಾಷೆ ಯಾವುದಾದರೇನು? ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ.” ಪಕ್ಕದಲ್ಲಿದ್ದ, ನಮ್ಮ ಸಭೆಗೇ ಸೇರಿದ ಇನ್ನೊಬ್ಬರು “ಕರೆಕ್ಟ್, ಕರೆಕ್ಟ್” ಎಂದು ತಲೆದೂಗಿದರು.

ಈ ಮಾತನ್ನು ನಾನು ಐವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಕಿವಿಗೆ ವೇದಾಂತದಂತೆ ಇಂಪಾಗಿದೆ. ಬಿಡಿಸಿ ನೋಡಿದರೆ ಒಳಗೆ ಸೋಮಾರಿತನವೇ ಹೆಚ್ಚು. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಮೊಣಕಾಲೂರಿ ಕುಳಿತವನಿಗೆ ಬರುವುದು ಒಂದೋ ಎರಡೋ. ಅವನಿಗೆ ಬಾರದ ಭಾಷೆಯಲ್ಲಿ ಅವನ ಪರವಾಗಿ ಯಾರೋ ಮಾತನಾಡಿದರೆ ದೇವರಿಗೇನೂ ನಷ್ಟವಿಲ್ಲ, ನಿಜ. ನಷ್ಟ ಯಾರಿಗೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಪುಟದ ವಾಚಕರಲ್ಲಿ ಅನೇಕರು ಚರ್ಚಿನ ಬಾಗಿಲವರೆಗೆ ಬಂದು ಮೋಂಬತ್ತಿ ಹಚ್ಚಿ ಹೋಗಿರಬಹುದು. ಒಳಗೆ ನಡೆಯುವ ಭಾನುವಾರದ ಪೂಜೆಯನ್ನು ಪೂರ್ತಿ ಕಂಡಿರಲಾರರು. ಬಲಿಪೂಜೆ ಎಂದು ನಾವು ಕರೆಯುವ ಈ ಆರಾಧನೆ ಸುಮಾರು ಒಂದು ಗಂಟೆಯ ಕೆಲಸ. ಮೊದಲ ಅರ್ಧ ಕೇಳುವುದು, ಎರಡನೆಯ ಅರ್ಧ ಅರ್ಪಿಸಿ ಉಣ್ಣುವುದು. ಭಾನುವಾರದ ಪೂಜೆಗೆ ಬೈಬಲಿನಿಂದ ಮೂರು ವಾಚನಗಳು, ನಡುವೆ ಒಂದು ಕೀರ್ತನೆ. ಮೂರು ವರ್ಷಕ್ಕೊಮ್ಮೆ ಸುತ್ತು ತಿರುಗುವ ಹಾಗೆ ಈ ವಾಚನಗಳನ್ನು ಹೊಂದಿಸಿದ್ದಾರೆ. ಮೂರು ವರ್ಷ ತಪ್ಪದೆ ಹೋದವನ ಕಿವಿಗೆ ನಾಲ್ಕು ಶುಭಸಂದೇಶಗಳ ಬಹುಪಾಲು ಬಿದ್ದಿರುತ್ತದೆ. ಆಮೇಲೆ ಗುರುಗಳ ಪ್ರಬೋಧನೆ. ಅನಂತರ ಭಕ್ತವಿಶ್ವಾಸಿಗಳ ಪ್ರಾರ್ಥನೆ. ಇಲ್ಲಿ ಜನರೇ ಎದ್ದು ಬಂದು ಮಳೆಗಾಗಿ, ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ, ಪರೀಕ್ಷೆಗೆ ಕುಳಿತ ಮಕ್ಕಳಿಗಾಗಿ ಕೇಳಿಕೊಳ್ಳುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಇಷ್ಟೂ ಮಾತೇ ತಾನೆ? ಮಾತೇ ತಿಳಿಯದಿದ್ದರೆ ಈ ಮೊದಲ ಅರ್ಧದಲ್ಲಿ ಭಕ್ತನಿಗೆ ಉಳಿಯುವುದು ಏಳುವುದು, ಕೂರುವುದು, ಮತ್ತೆ ಏಳುವುದು.

ನಗರದ ವಾಚಕರಲ್ಲಿ ಇನ್ನೊಂದು ಭ್ರಮೆ ಇದೆ. ಕ್ರೈಸ್ತರೆಂದರೆ ಇಂಗ್ಲಿಷು ಮಾತನಾಡುವವರು, ದಂಡು ಪ್ರದೇಶದವರು, ಡಿಸೆಂಬರಿನಲ್ಲಿ ಕೇಕು ಕೊಡುವವರು! 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಹನ್ನೊಂದು ಲಕ್ಷಕ್ಕೂ ಹೆಚ್ಚು. ನೂರಕ್ಕೆ ಇಬ್ಬರಿಗಿಂತ ತುಸು ಕಡಿಮೆ. ಇವರಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳ್ಳ ರೈತಾಪಿ ಜನ ಎಷ್ಟೋ ಊರುಗಳಲ್ಲಿದ್ದಾರೆ. ಇದೇ ಯಡಿಯೂರು ಕೆರೆಯ ಮಗ್ಗುಲಲ್ಲಿ ಹಾದುಹೋಗುವ ಕನಕಪುರದ ರಸ್ತೆಯನ್ನು ಹಿಡಿದು ಹೊರಟರೆ ಅರ್ಕಾವತಿಯ ದಡದಲ್ಲಿ ಹಾರೋಬೆಲೆ ಸಿಗುತ್ತದೆ. ಅಲ್ಲಿನ ಜನ ತಪಸ್ಸುಕಾಲದ ಕೊನೆಯಲ್ಲಿ ಯೇಸುವಿನ ಪಾಡನ್ನು ತಾವೇ ವೇಷ ಕಟ್ಟಿ ಕನ್ನಡದಲ್ಲಿ ಆಡುವುದು ಹಿಂದಿನಿಂದ ನಡೆದುಬಂದದ್ದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಪಾದ್ರಿ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೊದಲು ಮಾಡಿದ ಕೆಲಸಗಳಲ್ಲಿ ಕನ್ನಡ ಕಲಿಯುವುದೂ ಒಂದು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಅಬ್ಬೆ ದುಬಾಯಿಯವರು ಒಕ್ಕಲು ಮಕ್ಕಳ ನಡುವೆ ಇದ್ದವರು. ಇಲ್ಲಿಯ ಕಥೋಲಿಕ ಸಭೆ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದ ನೆಂಟನೇನೂ ಅಲ್ಲ.

1809ರಲ್ಲಿ ಬೆಂಗಳೂರಿನಲ್ಲಿ ದಂಡು ಬೀಡುಬಿಟ್ಟ ಮೇಲೆ ಅದರೊಡನೆ ತಮಿಳು ನುಡಿಯುವ ಕಥೋಲಿಕರು ದೊಡ್ಡ ಸಂಖ್ಯೆಯಲ್ಲಿ ಬಂದರು. ಬೆವರು ಸುರಿಸಿ ಚರ್ಚುಗಳನ್ನು ಕಟ್ಟಿದರು, ಸಾಕಿದರು. ಅವರ ಭಕ್ತಿಯನ್ನು ಹಳಿಯುವವನು ನಾನಲ್ಲ. ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಸೆಪ್ಟೆಂಬರ್ 8ರ ತೇರಿನ ದಿನ ಹೋಗಿ ನಿಂತವರಿಗೆ ಅದೇನೆಂದು ಗೊತ್ತು. 1940ರಲ್ಲಿ ಬೆಂಗಳೂರು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಊರು ಬೆಳೆಯಿತು; ಮಂಗಳೂರಿನಿಂದ ಕೊಂಕಣಿಯವರು, ಕೇರಳದಿಂದ ಮಲೆಯಾಳದವರು ಬಂದರು; ಎಲ್ಲರ ಮೇಲೂ ಇಂಗ್ಲಿಷು ಬಂದು ಕುಳಿತಿತು. ಇಂದು ಬೆಂಗಳೂರಿನ ದೊಡ್ಡ ಚರ್ಚುಗಳ ಪೂಜಾವೇಳೆಯ ಹಲಗೆಯನ್ನು ನೋಡಿದರೆ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯ ನೆನಪಾಗುತ್ತದೆ.

ನಾನು ಹೋಗುವ ಚರ್ಚಿನಲ್ಲಿ ಕನ್ನಡಕ್ಕೆ ಬೆಳಗಿನ ಆರೂವರೆ, ಇಂಗ್ಲಿಷಿಗೆ ಎಂಟು. ಎಂಟು ಗಂಟೆ ಎಂದರೆ ಸ್ನಾನ ಮಾಡಿ, ಕಾಫಿ ಕುಡಿದು, ಮಕ್ಕಳಿಗೆ ತಲೆ ಬಾಚಿ ಹೊರಡುವ ಹೊತ್ತು. ಆರೂವರೆಗೆ ಬರುವವರು ನನ್ನಂಥ ಮುದುಕರು, ಮನೆಗೆಲಸಕ್ಕೆ ಹೋಗಬೇಕಾದ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ಕಾವಲುಗಾರರು. ಯಾವ ಭಾಷೆ ಯಾರ ಪಾಲಿಗೆ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದನ್ನು ಓದುತ್ತಲೇ ಕೆಲವರು ಪಾದ್ರಿಗಳ ಮೇಲೆ ಹರಿಹಾಯಲು ಸಿದ್ಧರಾಗುತ್ತಾರೆಂದು ಬಲ್ಲೆ. ಸ್ವಲ್ಪ ತಾಳಿ. ನನ್ನ ತಕರಾರು ಬೇರೆ ಕಡೆಗಿದೆ.

ತಾಯಿನುಡಿಯಲ್ಲಿ ಆರಾಧನೆ ಎಂಬುದು ಸಭೆಗೆ ಹೊಸದಾಗಿ ಹೊಳೆದ ಉಪಾಯವೇನಲ್ಲ. ರೋಮಿನ ಕ್ರೈಸ್ತರೇ ಮೊದಮೊದಲು ಗ್ರೀಕಿನಲ್ಲಿ ಪೂಜೆ ಮಾಡುತ್ತಿದ್ದರು. ಜನಕ್ಕೆ ಗ್ರೀಕು ತಪ್ಪಿ ಹೋಗಿ ಲ್ಯಾಟಿನ್ನೇ ಮನೆಮಾತಾದದ್ದರಿಂದ ಪೂಜೆ ಲ್ಯಾಟಿನ್ನಿಗೆ ತಿರುಗಿತು. ಅಂದರೆ ಲ್ಯಾಟಿನ್ನೂ ಒಂದು ಕಾಲದಲ್ಲಿ ಸಂತೆಯ ಭಾಷೆಯೇ! ಮುಂದೆ ಲ್ಯಾಟಿನ್ನು ಜನಕ್ಕೆ ತಿಳಿಯದಾದಾಗ 813ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಕೂಡಿದ ಧರ್ಮಾಧ್ಯಕ್ಷರು, ಪ್ರಬೋಧನೆಯನ್ನಾದರೂ ಜನರ ಆಡುಮಾತಿನಲ್ಲಿ ಮಾಡಿ ಎಂದು ವಿಧಿಸಿದರು. ಅದೇ ಶತಮಾನದಲ್ಲಿ ಸಿರಿಲ್, ಮೆಥೋಡಿಯಸ್ ಎಂಬ ಸಹೋದರರು ಸ್ಲಾವ್ ಜನರಿಗಾಗಿ ಲಿಪಿಯನ್ನೇ ನಿರ್ಮಿಸಿ ಅವರ ಮಾತಿನಲ್ಲಿ ಪೂಜೆ ನಡೆಸಿದರು. ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರರಲ್ಲಲ್ಲದೆ ದೇವರನ್ನು ಸ್ತುತಿಸಕೂಡದೆಂದು ಅವರೊಡನೆ ವಾದಿಸಿದ ಪಂಡಿತರಿದ್ದರು. ಪೋಪ್ ಎರಡನೆಯ ಏಡ್ರಿಯನ್ನರು ಸಹೋದರರ ಪಕ್ಷವನ್ನೇ ಹಿಡಿದರು. ಕಡೆಗೆ 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಶಾಸನವನ್ನು 2147 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದದ್ದು ನಾಲ್ಕೇ ಮತ. ದೇಶಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಹೊಸ ಪೂಜಾಗ್ರಂಥವೇ ಹೊರಟಿತು. ವಚನಕಾರರೂ ದಾಸರೂ ದೇವರೊಡನೆ ಕನ್ನಡದಲ್ಲೇ ಮಾತನಾಡಿ ಶತಮಾನಗಳೇ ಸಂದಿದ್ದ ನಾಡಿಗೆ ರೋಮಿನಿಂದ ಅಪ್ಪಣೆ ಬಂದದ್ದು ಇಷ್ಟು ತಡವಾಗಿ.

ಲ್ಯಾಟಿನ್ ಪೂಜೆಯ ಕೊನೆಯ ದಿನಗಳನ್ನು ನಾನು ಕಂಡಿದ್ದೇನೆ. ಪೀಠಬಾಲಕನಾಗಿ ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ಒಂದು ಅಕ್ಷರದ ಅರ್ಥವೂ ತಿಳಿಯದು. ಗುರುಗಳು ಜನರಿಗೆ ಬೆನ್ನು ಮಾಡಿ ತಮ್ಮ ಪಾಡಿಗೆ ಪೂಜೆ ಮಾಡುವರು, ಹಿಂದೆ ಅವ್ವ ಮತ್ತವಳ ಓರಗೆಯ ಹೆಂಗಸರು ತಮ್ಮ ಪಾಡಿಗೆ ಜಪಸರ ತಿರುವುತ್ತ ಕನ್ನಡದಲ್ಲಿ ಗುಣುಗುಣಿಸುವರು. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಮತ್ತೆ ಜಪಸರ. ಐವತ್ತು ಮಣಿ ಮುಗಿಯುವವರೆಗೆ ಅನ್ನವಿಲ್ಲ! ಜಪ ಮುಗಿದ ಮೇಲೆ ಅವ್ವ ತನ್ನದೇ ಮಾತಿನಲ್ಲಿ ದೇವರಿಗೆ ಲೆಕ್ಕ ಒಪ್ಪಿಸುತ್ತಿದ್ದಳು. ಹಸು ಹಾಲು ಕಡಿಮೆ ಮಾಡಿದ್ದು, ಅಪ್ಪನ ಕೆಮ್ಮು, ದೊಡ್ಡಪ್ಪನ ಕೇಸು ಎಲ್ಲವೂ ಅದರಲ್ಲಿ ಬರುತ್ತಿತ್ತು. ಆಗ ದೇವರು ಏಕವಚನ: “ನೀನೇ ನೋಡ್ಕೋ, ನನ್ ಕೈಲಾಗಕಿಲ್ಲ.” ಚರ್ಚು ಲ್ಯಾಟಿನ್ನಾಗಿದ್ದ ಕಾಲದಲ್ಲಿ ಮನೆ ಕನ್ನಡವಾಗಿತ್ತು. ಈಗ ಚರ್ಚಿನಲ್ಲಿ ಕನ್ನಡಕ್ಕೆ ಹಕ್ಕು ಬಂದಿದೆ, ಮನೆಯ ಪ್ರಾರ್ಥನೆ ಇಂಗ್ಲಿಷಾಗಿದೆ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ದೀಪದ ಹೊತ್ತನ್ನು ದೂರದರ್ಶನ ನುಂಗಿತು, ಈಗ ಮೊಬೈಲು ನುಂಗುತ್ತಿದೆ.

ಅವ್ವ ತೀರಿಕೊಂಡು ಹನ್ನೆರಡು ವರ್ಷವಾಯಿತು. ಸಂಸ್ಕಾರದ ಪೂಜೆ ಯಾವ ಭಾಷೆಯಲ್ಲಿ ಎಂದು ಚರ್ಚಿನಿಂದ ಕೇಳಿದರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೂತು ಮಾತನಾಡಿದೆವು. ವಾಚನ ಓದಬೇಕಾದವರು ಮೊಮ್ಮಕ್ಕಳು. ಅವರಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು. ಆಫೀಸಿನ ಸ್ನೇಹಿತರೆಲ್ಲ ಬರುತ್ತಾರೆ. “ಇಂಗ್ಲಿಷೇ ಇರಲಿ” ಎಂದದ್ದು ಯಾರೋ ಪರರಲ್ಲ, ಹಿರಿಯ ಮಗನಾದ ನಾನೇ. ಪೂಜೆ ಬಹಳ ಅಚ್ಚುಕಟ್ಟಾಗಿ ನಡೆಯಿತು. ಗುರುಗಳು ಒಳ್ಳೆಯ ಇಂಗ್ಲಿಷಿನಲ್ಲಿ ಅವ್ವನ ಸದ್ಗುಣಗಳನ್ನು ಹೇಳಿದರು. ಊರಿನಿಂದ ವ್ಯಾನು ಮಾಡಿಕೊಂಡು ಬಂದಿದ್ದ ಅವಳ ತಂಗಿಯರಿಬ್ಬರು ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತು, ಎಲ್ಲರೂ ಎದ್ದಾಗ ಎದ್ದು, ಎಲ್ಲರೂ ಕೂತಾಗ ಕೂತರು. ಪೂಜೆಯಾದ ಮೇಲೆ ಚಿಕ್ಕವ್ವ ನನ್ನ ಕೈ ಹಿಡಿದು ಕೇಳಿದಳು: “ಅಕ್ಕಂಗೆ ಏನೇನ್ ಹೇಳುದ್ರಪ್ಪ ಸ್ವಾಮ್ಗಳು?” ನಾನು ಏನೋ ನಾಲ್ಕು ಮಾತು ಹೇಳಿದೆ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಎಂಬ ವಾಕ್ಯ ಆಗ ನನ್ನ ನಾಲಗೆಯ ಮೇಲೆ ಬರಲಿಲ್ಲ. ಬಂದಿದ್ದರೆ ಅವಳ ಮುಖಕ್ಕೆ ಅದನ್ನು ಹೇಳುವ ಧೈರ್ಯ ನನಗಿತ್ತೆ?

ಆದ್ದರಿಂದ ಕನ್ನಡಕ್ಕಾಗಿ ಗೇಟಿನ ಮುಂದೆ ಘೋಷಣೆ ಕೂಗುವ ನಮ್ಮವರನ್ನು ಒಂದು ಮಾತು ಕೇಳುತ್ತೇನೆ. ದಶಕಗಳಿಂದ ನೀವು ಹೋರಾಡಿದ್ದೀರಿ. ಹೋರಾಡದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆರೂವರೆಯ ಪೂಜೆಯಲ್ಲಿ ನಿಮ್ಮ ಮಕ್ಕಳೇಕೆ ಕಾಣುವುದಿಲ್ಲ? ಅವರ ಧರ್ಮೋಪದೇಶದ ತರಗತಿ ಇಂಗ್ಲಿಷಿನಲ್ಲಿ, ಪಾಪನಿವೇದನೆಗೆ ಕಲಿತ ಜಪ ಇಂಗ್ಲಿಷಿನಲ್ಲಿ, ಮೊದಲ ಪರಮಪ್ರಸಾದದ ಹಾಡುಗಳು ಇಂಗ್ಲಿಷಿನಲ್ಲಿ. ಪಾದ್ರಿಗಳು ಕನ್ನಡದ ಪೂಜೆಯನ್ನು ಎಂಟಕ್ಕೆ ತಂದಿಟ್ಟರೆ ಅಂದಿನಿಂದ ನಿಮ್ಮ ಮನೆಯವರು ಅದಕ್ಕೇ ಬರುತ್ತಾರೆಯೆ? ನೆರೆಯ ಕೊಂಕಣಿ ಮನೆಯನ್ನು ನೋಡಿ. ಅವರು ಯಾರ ಮೇಲೂ ಜಗಳಕ್ಕೆ ಹೋಗದೆ, 1938ರಿಂದ ‘ರಾಕ್ಣೊ’ ವಾರಪತ್ರಿಕೆಯನ್ನು ಕೊಂಕಣಿಯಲ್ಲಿ, ಅದೂ ನಮ್ಮ ಕನ್ನಡ ಲಿಪಿಯಲ್ಲೇ ನಡೆಸಿಕೊಂಡು ಬಂದರು. ಬೆಂಗಳೂರಿನ ಮೂರನೆಯ ಅಂತಸ್ತಿನ ಫ್ಲಾಟಿನಲ್ಲೂ ಸಂಜೆಯ ಜಪಸರ ಕೊಂಕಣಿಯಲ್ಲೇ ಕೇಳಿಸುತ್ತದೆ. ತಮಿಳರ ವಿಚಾರ ಹೇಳಲೇಬೇಕಿಲ್ಲ. ಅವರ ಭಾಷೆಯನ್ನು ಹೊರಗೆ ಹಾಕಿ ನಮ್ಮದನ್ನು ಒಳಗೆ ತರುತ್ತೇವೆ ಎನ್ನುವವರು, ಒಳಗೆ ತಂದ ಮೇಲೆ ಅದನ್ನು ಆಡುವವರು ಯಾರೆಂಬ ಲೆಕ್ಕವನ್ನೂ ಹಾಕಬೇಡವೆ? ಬಡ ತಮಿಳು ಮುದುಕಿಯ ಬಾಯಿಂದ ಜಪ ಕಿತ್ತುಕೊಂಡರೆ ನನ್ನ ಚಿಕ್ಕವ್ವನಿಗೆ ನ್ಯಾಯ ಸಿಕ್ಕುವುದಿಲ್ಲ. ಅವಳಿಗಾದದ್ದೇ ಇವಳಿಗೂ ಆಗುತ್ತದೆ, ಅಷ್ಟೆ.

ಗುರುಗಳಿಗೂ ಎರಡು ಮಾತು. ಕನ್ನಡದ ಪೂಜೆಗೆ ಜನ ಕಡಿಮೆ ಎಂದು ನೀವು ಕೊರಗುತ್ತೀರಿ. ಇಂಗ್ಲಿಷಿನಲ್ಲಿ ಬರೆದುಕೊಂಡ ಪ್ರಬೋಧನೆಯನ್ನು ಪೀಠದ ಮೇಲೆ ನಿಂತು ಆಗಿಂದಾಗಲೇ ಕನ್ನಡ ಮಾಡುತ್ತ ಹೋದರೆ ಕೇಳುವವರ ಗತಿಯೇನು? ‘ಮಾಡಲ್ಪಟ್ಟಿತು’, ‘ಕೊಡಲ್ಪಟ್ಟಿತು’ ಎಂಬ ಕಲ್ಲುಗಳನ್ನು ಎಡವಿ ಎಡವಿ ನಮ್ಮ ಭಕ್ತಿಯ ಕಾಲ್ಬೆರಳು ಮುರಿದಿದೆ. ಪೂಜೆಯ ಹಾಡುಗಳಲ್ಲಿ ಕೆಲವಂತೂ ಯಾವ ಸಿನಿಮಾದ ಧಾಟಿ ಎಂದು ಮಕ್ಕಳು ಹೆಸರು ಹಿಡಿದು ಹೇಳುತ್ತಾರೆ. ಹಾರೋಬೆಲೆಯ ರೈತ ಶಿಲುಬೆಯ ಬಳಿ ನಿಂತು ಆಡುವ ಮಾತಿನಲ್ಲಿರುವ ಕಸುವು ಬೆಂಗಳೂರಿನ ಪೀಠದಿಂದ ಏಕೆ ಬರುವುದಿಲ್ಲ? ಅವನು ಆ ಕಥೆಯನ್ನು ಕನ್ನಡದಲ್ಲೇ ಅನುಭವಿಸಿದ್ದಾನೆ. ನೀವು ಗುರುಮಠದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ವರದಿ ಮಾಡುತ್ತಿದ್ದೀರಿ.

ಇನ್ನು ನಮ್ಮ ಎಂಜಿನಿಯರ್ ಮಿತ್ರರು. ಅವರಿಗೆ ಅಂದು ಬೆಂಚಿನ ಮೇಲೆ ಕೊಟ್ಟ ಉತ್ತರ ಚಿಕ್ಕದು: “ನಿಮ್ಮ ತಾಯಿ ಸಾಯುವಾಗ ಯಾವ ಭಾಷೆಯಲ್ಲಿ ದೇವರನ್ನು ಕರೆದರು?” ಅವರು ತುಸು ಹೊತ್ತು ಕೆರೆಯನ್ನೇ ನೋಡುತ್ತಿದ್ದು, “ತಮಿಳಿನಲ್ಲಿ. ನಮ್ಮದು ಹೆಬ್ಬಾರ್ ಅಯ್ಯಂಗಾರ್ ಮನೆ” ಎಂದರು. ಇಬ್ಬರೂ ನಕ್ಕೆವು.

ಈ ನವೆಂಬರ್ 2, ಮೃತರ ಸ್ಮರಣೆಯ ದಿನ, ಅವ್ವನ ಹೆಸರಿನಲ್ಲಿ ಕನ್ನಡದ ಪೂಜೆಗೆ ಹೇಳಿಟ್ಟಿದ್ದೇನೆ. ಮೊದಲನೆಯ ವಾಚನ ಓದುವವಳು ನನ್ನ ಮೊಮ್ಮಗಳು, ಒಂಬತ್ತನೆಯ ತರಗತಿಯವಳು. ಮೊದಲು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಂದಳು. ಆ ಹಾಳೆಯನ್ನು ನಾನು ಇಸಿದುಕೊಂಡೆ. ಈಗ ದಿನಾ ಸಂಜೆ ಏಳಕ್ಕೆ ನನ್ನ ಎದುರು ಕುಳಿತು ಬೆರಳಿಟ್ಟು ಕೂಡಿಸಿ ಓದುತ್ತಾಳೆ. ‘ಳ’ ಇನ್ನೂ ‘ಲ’ ಆಗಿಯೇ ಬರುತ್ತಿದೆ. ಇನ್ನೂ ಎರಡು ವಾರವಿದೆ.